ತಂಬಿಗೆಯ ಮುಚ್ಚಳ ಮತ್ತು ನಾಲ್ಕನೇ ತಂತಿ

ಮಾರ್ಚ್ 28, 2009, ಶನಿವಾರ

ಈ ಡೈರಿ ಯಾವುದೋ ಬೀಜದ ಕಂಪನಿಯವರು ನಮ್ಮ ಮನೆಯವರಿಗೆ ಬಸ್ಸಿನಲ್ಲಿ ಕೊಟ್ಟದ್ದು. ಮೂರು ತಿಂಗಳ ಹಾಳೆ ಖಾಲಿ ಹೋಗಿದೆ, ಹೋಗಲಿ. ಇದಕ್ಕೆ ಬೀಗ ಬೇಕಾಗಿಲ್ಲ. ಈ ಮನೆಯಲ್ಲಿ ದಿನವಿಡೀ ಕನ್ನಡ ಮಾತಾಡುತ್ತಾರೆ, ಆದರೆ ಓದುವುದೆಲ್ಲ ಮರಾಠಿ. ಕನ್ನಡ ಶಾಲೆಯಲ್ಲಿ ಕಲಿತು ಆಳಂದದಿಂದ ಬಂದವಳು ನಾನೊಬ್ಬಳೇ. ಅತ್ತೆಯ ಬಗ್ಗೆ ಏನು ಬರೆದು ಅವರ ತೊಡೆಯ ಮೇಲೇ ಇಟ್ಟರೂ ನನಗೆ ಹೆದರಿಕೆಯಿಲ್ಲ.

ಬರೆಯಲು ಕೂತದ್ದೇ ಅದಕ್ಕೆ. ಇವತ್ತು ಶ್ರೀಮತಿ ಮುಕ್ತಾಬಾಯಿಯವರು, ಅಂದರೆ ನಮ್ಮ ಅತ್ತೆ, ನನ್ನ ಗಿರಾಕಿಗಳನ್ನು ರಸ್ತೆಗೆ ಅಟ್ಟಿದರು.

ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬಾಗಿಲ ಮೇಲೆ 'ಸುಗಂಧಾ ಟೈಪಿಂಗ್' ಎಂಬ ಬೋರ್ಡು. ಗಂಡಿನ ಕಡೆಯವರು ಲೋಹಾರಾದವರು, ಹೆಣ್ಣಿನ ಕಡೆಯವರು ಬಸವಕಲ್ಯಾಣದವರು ಎಂದರೆ ಲಗ್ನಪತ್ರಿಕೆ ಮರಾಠಿ, ಕನ್ನಡ ಎರಡರಲ್ಲೂ ಆಗಬೇಕು. ಹಾಗೆ ಎರಡನ್ನೂ ಮಾಡಿಕೊಡುವವಳು ಗಡಿಯಾಚೆಯ ಈ ಇಡೀ ಉಮರ್ಗಾದಲ್ಲಿ ನಾನೊಬ್ಬಳೇ ಎಂದು ನನ್ನ ಜಂಬ. ಯುಗಾದಿಯ ಪಾಡ್ಯ ನಿನ್ನೆ ಮುಗಿಯಿತು, ಲಗ್ನದ ಹಂಗಾಮು ಶುರುವಾಯಿತು.

ಅದೇ ಕೋಣೆಯ ಗೋಡೆಯ ಗೂಡಿನಲ್ಲಿ ಅತ್ತೆಯ ತಾಮ್ರದ ತಂಬಿಗೆ ಇದೆ. ಅದರ ಬಾಯಿಗೆ ಒಂದು ಸ್ಟೀಲಿನ ಮುಚ್ಚಳ, ಬೇಕೆಂದೇ ಸೊಟ್ಟಗೆ ಕೂರಿಸಿದ್ದು. ನೆಲ ಕೊಂಚ ಅಲುಗಿದರೂ ಮುಚ್ಚಳ ಕಟಕಟ ಅನ್ನಬೇಕು, ಮನೆಯವರೆಲ್ಲ ಹೊರಗೆ ಓಡಬೇಕು. ತೊಂಬತ್ತಮೂರರ ಭೂಕಂಪವಾದ ಮೇಲೆ ಅವರ ಹಳೇ ಊರಿನವರು ಹೀಗೆ ಇಡುತ್ತಿದ್ದರಂತೆ, ಆಮೇಲೆ ಒಬ್ಬೊಬ್ಬರೇ ಮರೆತರಂತೆ. ನಮ್ಮ ಅತ್ತೆ ಮರೆಯುವವರ ಪೈಕಿ ಅಲ್ಲ. ಇದು ಹದಿನಾರನೇ ವರ್ಷ.

ಹನ್ನೊಂದು ಗಂಟೆಗೆ ಆ ಹಾಳು ಮುಚ್ಚಳ ಕಟಕಟ ಅಂದಿತು. ಒಳಗಿನಿಂದ ಕೂಗು ಬಂತು: "ಹೊರಗ ನಡೀರಿ! ನೆಲ ನಡಗ್ಲತ್ತದ!" ದಾಳಿಂಬದಿಂದ ಬಂದಿದ್ದ ಮದುಮಗಳ ಅಪ್ಪ, ಕಾಕಾ, ಇಬ್ಬರೂ ಚಪ್ಪಲಿ ಬಿಟ್ಟು ಓಡಿದರು. ಅವರು ಓಡಿದ್ದನ್ನು ಕಂಡು ಓಣಿಯೇ ಓಡಿತು. "ಭೂಕಂಪ್! ಭೂಕಂಪ್!" ಅನ್ನುತ್ತ ಪಕ್ಕದ ಮನೆಯ ಸುಮಿತ್ರಾಬಾಯಿ ಕಣಕದ ಕೈಯಲ್ಲೇ ಬಂದು ನಿಂತಳು. ಹತ್ತು ನಿಮಿಷ ಬಿಸಿಲಲ್ಲಿ ನಿಂತೆವು. ಭೂಮಿಗೆ ಏನೂ ಆಗಿರಲಿಲ್ಲ.

ಮಾರ್ಚ್ 30, ಸೋಮವಾರ

ಇವತ್ತು ಎರಡು ಸಲ. ಎರಡನೇ ಸಲ ಓಣಿಯವರು ಅರ್ಧದಷ್ಟೇ ಬಂದರು.

ಕಳ್ಳ ಸಿಕ್ಕಿಬಿದ್ದಿದ್ದಾನೆ. ನನ್ನ ಕಂಪ್ಯೂಟರಿನ ಡಬ್ಬದೊಳಗಿನ ಫ್ಯಾನು. ಹೋದ ತಿಂಗಳು ಹಳೆಯದು ಕೆಟ್ಟಾಗ ಅಮೋಘಸಿದ್ಧ ಹೊಸದು ಹಾಕಿಕೊಟ್ಟ. ಆತ ಹೆದ್ದಾರಿಯ ಬದಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಅಂದಿನಿಂದ ಅದು ಹಿಟ್ಟಿನ ಗಿರಣಿಯ ಹಾಗೆ ಒಂದೇ ಸಮ ಗುಂಯ್ಗುಡುತ್ತದೆ. ಡಬ್ಬದ ಮೇಲೆ ಕೈಯಿಟ್ಟರೆ ಅಂಗೈ ಜುಮ್ಮೆನ್ನುತ್ತದೆ. ಹಂಗಾಮಿನ ಕೆಲಸಕ್ಕೆ ತಾಸುಗಟ್ಟಲೆ ಓಡಿತೆಂದರೆ ಡಬ್ಬ ಮೇಜನ್ನು ಅಲುಗಿಸುತ್ತದೆ, ಮೇಜು ಗೋಡೆಯನ್ನು, ಗೋಡೆ ತಂಬಿಗೆಯನ್ನು, ತಂಬಿಗೆ ಅತ್ತೆಯನ್ನು.

ಹೇಳಿ ನೋಡಿದೆ. "ಅತ್ತೀ, ಅದು ನೆಲ ಅಲ್ಲರೀ, ನನ್ನ ಕಂಪ್ಯೂಟರ್ ಪಂಖಾ."

"ಪಂಖಾ ನೆಲಾ ನಡಗಸ್ತದೇನು? ಹುಚ್ಚಿ ಇದ್ದಿ ನೀ," ಎಂದರು. "ತಂಬಿಗಿ ಸುಳ್ಳ ಹೇಳಂಗಿಲ್ಲ."

ಮೇಜನ್ನು ಎದುರು ಗೋಡೆಗೆ ಎಳೆದೆ. ಕೆಳಗಿರುವುದು ಶಹಾಬಾದಿ ಕಲ್ಲು, ಒಂದು ಹಾಸು ಅಲುಗಿದರೆ ಉಳಿದವೂ ಅಲುಗುತ್ತವೆ. ಮುಚ್ಚಳ ಅಲ್ಲಿಂದಲೂ ಕಟಕಟ ಅಂದಿತು. ಸೈಕಲ್ ಟ್ಯೂಬು ಕತ್ತರಿಸಿ ಮೇಜಿನ ಕಾಲಿಗೆ ಕಟ್ಟಿದೆ, ಸ್ವಲ್ಪ ಕಡಿಮೆಯಾಯಿತು, ಅಷ್ಟೇ. ತಂಬಿಗೆಯನ್ನು ಅಡುಗೆಮನೆಗೆ ಒಯ್ಯೋಣ ಎಂದದ್ದಕ್ಕೆ ಅವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ನೆಲದ ನಡುಕ ನೇರ ತಂಬಿಗೆಗೆ ಮುಟ್ಟಲಿ ಎಂದು, ಮನೆ ಕಟ್ಟಿಸುವಾಗ ಪಾಯದಿಂದ ಎತ್ತಿದ ಕಲ್ಲಿನ ಮೇಲೇ ಆ ಗೂಡು ಮಾಡಿಸಿದ್ದಾರಂತೆ.

ಏಪ್ರಿಲ್ 2, ಗುರುವಾರ

ಅತ್ತೆ ಮನೆ ಬಿಟ್ಟರು. ದೂರ ಏನಲ್ಲ, ಹಿತ್ತಲಿನ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿಗೆ. ತೊಗರಿ ಹೊಟ್ಟಿನ ಚೀಲ ಸರಿಸಿ, ಬಾಜು, ಅಂದರೆ ತಮ್ಮ ಹಗ್ಗದ ಮಂಚ, ಹಾಕಿಕೊಂಡು, ತಂಬಿಗೆಯನ್ನು ಬಗಲಲ್ಲಿಟ್ಟುಕೊಂಡು ಕೂತಿದ್ದಾರೆ. "ದಿನಕ್ಕ ಮೂರ ಸಲ ಎದಿ ಒಡಕೊಂಡು ಓಡೋದು ನನ್ನ ಕಡಿಂದ ಆಗಂಗಿಲ್ಲ. ಇಲ್ಲಿ ಮ್ಯಾಲ ಬೀಳಾಕ ಕಲ್ಲು ಇಲ್ಲ" ಎಂದರು. ಭೂಕಂಪವಾದ ಮೇಲೂ ಎರಡು ವರ್ಷ ಹೀಗೇ ಪತ್ರಾಸಿನ ಕೆಳಗೆ ಇದ್ದರಂತೆ. ಆದರೆ ಇದು ಏಪ್ರಿಲ್. ಪತ್ರಾಸು ಕಾದು ರೊಟ್ಟಿ ಬೇಯಿಸಬಹುದು.

ಸಂಜೆ ಮನ್ಮಥಪ್ಪ ಡ್ಯೂಟಿ ಮುಗಿಸಿ ಬಂದರು. ನನ್ನ ಗಂಡ ಎಸ್.ಟಿ. ಬಸ್ಸಿನ ಕಂಡಕ್ಟರು, ಎಂಥ ಗರ್ದಿಯಲ್ಲೂ ದನಿ ಏರಿಸದ ಮನುಷ್ಯ. ಇವತ್ತೂ ಏರಿಸಲಿಲ್ಲ.

"ಸುಗಂಧಾ, ಬಸವ ಜಯಂತಿತನಕ ನೋಡ್ತೀನಿ. ಅವತ್ತೂ ನಮ್ಮವ್ವ ಹೊರಗ ಬಿಸಲಾಗ ಕೂತಿದ್ರ, ನಿನ್ನ ಕಂಪ್ಯೂಟರ್ ಮಾರಿಬಿಡೂಣ. ನೀ ಸಿಟ್ಟಾದ್ರೂ ನಡೀತದ."

ಸಿಟ್ಟಾದೆ. ಬಸವ ಜಯಂತಿ ಇಪ್ಪತ್ತೇಳಕ್ಕೆ ಇದೆ. ಇಪ್ಪತ್ತೈದು ದಿನ. ಮದುವೆಯಾಗಿ ನಾಲ್ಕು ವರ್ಷದಲ್ಲಿ ಈ ಊರು ನನ್ನನ್ನು ನನ್ನ ಹೆಸರಿನಿಂದ ಕರೆಯಲು ಶುರುಮಾಡಿದ್ದು ಆ ಬೋರ್ಡು ಹಾಕಿದ ಮೇಲೆ. ಅದಕ್ಕೂ ಮೊದಲು ನಾನು ಬರೀ ಮುಕ್ತಾಬಾಯಿಯ ಸೊಸೆ. ಒಂದು ತಂಬಿಗೆಗೋಸ್ಕರ ನಾನು ಆ ಬೋರ್ಡು ಇಳಿಸುವುದಿಲ್ಲ.

ಏಪ್ರಿಲ್ 4, ಶನಿವಾರ

ಅಮೋಘಸಿದ್ಧ ಬಂದ. ಡಬ್ಬದ ಬದಿಯ ತಗಡು ಬಿಚ್ಚಿ ಒಂದು ಊದು ಊದಿದ. ಹೋದ ಸುಗ್ಗಿಯ ಜೋಳದ ರವದಿಯ ಧೂಳೆಲ್ಲ ನನ್ನ ಮುಖಕ್ಕೆ ಬಂತು.

"ಫ್ಯಾನ್ ಜೋರಾಗಿ ತಿರಗ್ಲತ್ತದಂದ್ರ ಚಲೋನೇ ಅದ ರೀ ವೈನಿ. ಗಾಳಿ ಹೊಡೀತದ."

"ಚಲೋ ಹೊಡೀಲತ್ತದಪ್ಪ. ನಮ್ಮ ಅತ್ತಿನ್ನ ಹಿತ್ತಲಕ್ಕ ಹೊಡದದ," ಎಂದೆ.

ಆಗ ಬಾಯಿ ಬಿಟ್ಟ. ಕಂಪ್ಯೂಟರು ತನ್ನ ಮೈ ಎಷ್ಟು ಬಿಸಿಯಾಗಿದೆ ನೋಡಿಕೊಂಡು, ಫ್ಯಾನಿಗೆ ನಿಧಾನ ತಿರುಗು, ಜೋರು ತಿರುಗು ಎಂದು ಹೇಳುತ್ತದೆಯಂತೆ. ಆ ಮಾತು ಹೋಗುವುದು ನಾಲ್ಕನೇ ತಂತಿಯಲ್ಲಿ. ಅವನು ಹಾಕಿದ ಫ್ಯಾನಿಗೆ ಇರುವುದು ಮೂರೇ ತಂತಿ. ಹೇಳಿದ್ದು ಕೇಳಿಸುವುದೇ ಇಲ್ಲ, ಹಾಗಾಗಿ ಸದಾ ಪೂರ್ತಿ ವೇಗ. ಇಂಥ ಜನರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವರಿಗೂ ಮೂರೇ ತಂತಿ ಎಂದು ಗೊತ್ತಿರಲಿಲ್ಲ.

ನಾಲ್ಕು ತಂತಿಯ ಫ್ಯಾನು ಎಂಟು ದಿನದಲ್ಲಿ ತರಿಸಿಕೊಡುತ್ತಾನಂತೆ.

ಏಪ್ರಿಲ್ 7, ಮಂಗಳವಾರ

ಅಮೋಘಸಿದ್ಧನಿಗೆ ಫೋನು ಮಾಡಿದೆ. ಇನ್ನೂ ಎಂಟು ದಿನವಂತೆ.

ಹಿತ್ತಲಿನಲ್ಲಿ ಅತ್ತೆ ತಲೆಗೆ ಹಸಿ ಸೀರೆ ಹಾಕಿಕೊಂಡು ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾರೆ. ಸುಮಿತ್ರಾಬಾಯಿ ಗೋಡೆಯಾಚೆಯಿಂದ ದಿನಕ್ಕೆರಡು ಸಲ ಇಣುಕಿ ಚ್ಚುಚ್ಚು ಅನ್ನುತ್ತಾಳೆ. ನಾನು ಸೊಸೆಯಲ್ಲ, ರಾಕ್ಷಸಿ ಎಂದು ಓಣಿಯಲ್ಲಿ ಆಗಲೇ ಠರಾವು ಆಗಿರಬೇಕು. ಮಜ್ಜಿಗೆ ಒಯ್ದು ಕೊಟ್ಟೆ. ಕುಡಿದು, ಲೋಟ ಬೋರಲು ಹಾಕಿದರು.

ಏಪ್ರಿಲ್ 9, ಗುರುವಾರ

ನನ್ನಂಥ ಜಾಣೆ ಹುಟ್ಟಿಲ್ಲ!

ಅತ್ತೆ ಸ್ನಾನಕ್ಕೆ ಹೋದಾಗ ತಂಬಿಗೆಯ ಅಂಚಿಗೆ, ಮುಚ್ಚಳದ ಅಡಿಗೆ ಹತ್ತಿಯ ಎಳೆ ಸಿಕ್ಕಿಸಿದೆ. ದೀಪದ ಬತ್ತಿಯಷ್ಟೇ ತೆಳ್ಳಗೆ. ಆಮೇಲೆ, "ಅತ್ತೀ, ಪಂಖಾ ರಿಪೇರಿ ಆಯ್ತರೀ. ತಂಬಿಗಿ ಒಳಗ ತಂದು ಪರೀಕ್ಷಾ ಮಾಡ್ರಿ" ಎಂದೆ. ತಂದು ಗೂಡಿನಲ್ಲಿಟ್ಟರು. ಕಂಪ್ಯೂಟರು ಚಾಲೂ ಮಾಡಿದೆ. ಫ್ಯಾನು ಗುಂಯ್ಗುಟ್ಟಿತು, ತಂಬಿಗೆ ತುಟಿ ಬಿಚ್ಚಲಿಲ್ಲ. ಅರ್ಧ ಗಂಟೆ ಕಣ್ಣೂ ಮಿಟುಕಿಸದೆ ಅದರ ಎದುರು ಕೂತರು. ಕೊನೆಗೆ, "ಸುಮ್ಮಗಾಗ್ಯಾದ ನೋಡು" ಎಂದು ಬಾಜು ಒಳಗೆ ತರಿಸಿದರು. ಮಧ್ಯಾಹ್ನ ಎರಡು ರೊಟ್ಟಿ ಜಾಸ್ತಿ ತಿಂದರು.

ಏಪ್ರಿಲ್ 10, ಶುಕ್ರವಾರ

ಮೂರು ಲಗ್ನಪತ್ರಿಕೆ ಮುಗಿಸಿದೆ. ಮನೆ ಶಾಂತ. ಮನ್ಮಥಪ್ಪ ನನ್ನನ್ನು ಹೊಗಳಿದರು, ನಾನು ಹೊಗಳಿಸಿಕೊಂಡೆ.

ಏಪ್ರಿಲ್ 13, ಸೋಮವಾರ

ಬೆಳಿಗ್ಗೆ ಜಲ್ಲಿ ಖಡಿ ತುಂಬಿದ ಲಾರಿ ಓಣಿಗೆ ಬಂತು. ಕಿಟಕಿಯ ಸರಳು ಅದುರಿತು, ನನ್ನ ಚಹಾದ ಬಸಿ ಅದುರಿತು. ಅತ್ತೆ ತಂಬಿಗೆಯ ಕಡೆ ನೋಡಿದರು. ಅದು ಉಸಿರೆತ್ತಲಿಲ್ಲ.

ಎದ್ದು ಹೋಗಿ ಮುಚ್ಚಳ ಎತ್ತಿದರು. ಹತ್ತಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಆ ವರ್ಷ ಮಳಿಗಾಲದಾಗ ನೆಲದಾಗಿಂದ ಗುಡುಗುಡು ಕೇಳ್ತಿತ್ತು," ಎಂದರು. "ನಿಮ್ಮ ಮಾವ್ರಿಗೆ ದಿನಾ ಹೇಳ್ದೆ. ಏನೂ ಆಗಂಗಿಲ್ಲ, ಕಿವ್ಯಾಗ ಹತ್ತಿ ಇಟಗೊಂಡು ಮಲಕೋ ಅಂದ್ರು. ಅವತ್ತ ಇಟಗೊಂಡು ಮಲಗಿದ್ದೆ. ಕಲ್ಲಿನ ಗ್ವಾಡಿ ಬಿದ್ದಾಗ ಮನ್ಮಥ ನನ್ನ ಮಗ್ಗಲಾಗ ಇದ್ದ, ಉಳದ. ಅವರು ಆ ಕಡಿ ಇದ್ರು."

ಹತ್ತಿಯನ್ನು ನನ್ನ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕದಲ್ಲಿ ಇಟ್ಟು, ತಂಬಿಗೆ ತೆಗೆದುಕೊಂಡು ಶೆಡ್ಡಿಗೆ ಹೋದರು.

ನಾಲ್ಕು ವರ್ಷದಲ್ಲಿ ಮಾವನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾನೂ ಕೇಳಿರಲಿಲ್ಲ. ನನಗೆ ನಾಚಿಕೆಯಾಗಿದೆ. ಬೇರೆ ಶಬ್ದ ಹುಡುಕಬೇಕಾಗಿಲ್ಲ, ನಾಚಿಕೆಯೇ.

ಏಪ್ರಿಲ್ 14, ಮಂಗಳವಾರ

ಹತ್ತಿ ಮೇಜಿನ ಮೇಲೇ ಇದೆ. ಬಿಸಾಡಲು ಧೈರ್ಯವಿಲ್ಲ.

ಏಪ್ರಿಲ್ 15, ಬುಧವಾರ

ಬೆಳಿಗ್ಗೆ ಸಿಟ್ಟಿನಲ್ಲಿ ಫ್ಯಾನಿನ ತಂತಿಯನ್ನೇ ಕಿತ್ತುಹಾಕಿದೆ. ಯಂತ್ರ ಆರು ನಿಮಿಷ ಬದುಕಿತ್ತು. ನಿಲಂಗಾದ ಬೀಗರ ಪತ್ರಿಕೆಯಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಅನ್ನುವಲ್ಲಿಗೆ ಬಂದಿದ್ದೆ, ಪರದೆ ಕಪ್ಪಾಯಿತು. ಒಳಗಿನ ಲೋಹ ಮುಟ್ಟಿ ಬೆರಳು ಸುಟ್ಟುಕೊಂಡೆ. ಸರಿ, ಫ್ಯಾನೂ ಬೇಕು, ತಂಬಿಗೆಯೂ ಬೇಕು. ಎರಡರ ಬಾಯನ್ನೂ ಕಟ್ಟಬಾರದು.

ಮನ್ಮಥಪ್ಪನಿಗೆ ಹತ್ತಿಯ ಕತೆ ನಾನೇ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಅತ್ತೆ ನನ್ನ ಮೇಲೆ ಚಾಡಿ ಹೇಳಿಲ್ಲ. "ಆ ನಾಕ ತಂತಿದು ಹೆಸರು ಬರದುಕೊಡು" ಎಂದರು.

ಏಪ್ರಿಲ್ 18, ಶನಿವಾರ

ಫ್ಯಾನು ಬಂತು! ಹೈದರಾಬಾದ್ ರೂಟಿನ ಕಂಡಕ್ಟರಿಗೆ ಮನ್ಮಥಪ್ಪ ಚೀಟಿ ಕೊಟ್ಟು ತರಿಸಿದ್ದು. ಡ್ರೈವರಿನ ಸೀಟಿನ ಪಕ್ಕದಲ್ಲಿ ಕೂತು, ಟಿಕೆಟಿಲ್ಲದೆ ಬಂದಿದೆ. ನಾಲ್ಕು ತಂತಿ ಮೂರು ಸಲ ಎಣಿಸಿದೆ.

ಅಮೋಘಸಿದ್ಧನ ಎಂಟು ದಿನಕ್ಕೆ ಕಾಯದೆ ನಾನೇ ಕೂರಿಸಿದೆ. ಅವನು ಫೋನಿನಲ್ಲಿ ಹೇಳುತ್ತಾ ಹೋದ. ಫ್ಯಾನಿನ ಅಡಿ ಬಿಸಿ ಹೀರಲು ಹಚ್ಚಿದ್ದ ಹಳೇ ಪೇಸ್ಟು ಒಣಗಿ ಸುಣ್ಣದ ಹಾಗೆ ಆಗಿತ್ತು. ಒರೆಸಿ, ಹೊಸದನ್ನು ಒಂದು ತೊಗರಿ ಕಾಳಿನಷ್ಟು ಹಚ್ಚಿದೆ. ಚಾಲೂ ಆಗುವಾಗ ಡಿಲೀಟ್ ಕೀ ಒತ್ತಿದರೆ ಒಂದು ನೀಲಿ ಪರದೆ ಬರುತ್ತದೆ. ಅದರಲ್ಲಿ ಎಷ್ಟು ಬಿಸಿಗೆ ಎಷ್ಟು ವೇಗ ಎಂದು ನಾವೇ ಬರೆಯಬಹುದು. ಈಗ ಫ್ಯಾನಿಗೆ ಕಿವಿ ಬಂದಿದೆ.

ಇಷ್ಟೆಲ್ಲ ಆಗಿ, ಅಡುಗೆಮನೆಯ ಒಂದು ತಂಬಿಗೆಗೆ ಸೊಟ್ಟ ಮುಚ್ಚಳ ಇಟ್ಟು ಪರೀಕ್ಷೆ ಮಾಡಿದೆ. ನಿಧಾನ ಇದ್ದಾಗ ಸುಮ್ಮನಿತ್ತು. ಯಂತ್ರ ಬಿಸಿಯಾಗಿ ವೇಗ ಏರಿದಾಗ ಮತ್ತೆ ಕಟಕಟ. ಅಳು ಬಂತು.

ಏಪ್ರಿಲ್ 19, ರವಿವಾರ

ಬೆಳಿಗ್ಗೆ ಶೆಡ್ಡಿಗೆ ಹೋಗಿ ನೆಲದ ಮೇಲೆ ಕೂತೆ.

"ಅತ್ತೀ, ತಪ್ಪಾಗ್ಯಾದ. ಅದು ತಿರುಗಿ ಮಾಡಂಗಿಲ್ಲ. ಆದರ ನಿಮ್ಮ ತಂಬಿಗಿ ಇಲ್ಲದ ನನ್ನ ಪಂಖಾ ಸುಧಾರಸಂಗಿಲ್ಲ. ನೀವು ಬಂದು ಕೂತು ಕೇಳಬೇಕು."

"ನನಗ ಏನ್ ತಿಳೀತದ ನಿನ್ನ ಡಬ್ಬೀದು?"

"ಡಬ್ಬೀದು ನಾ ನೋಡ್ತೀನಿ. ನಡುಕ ನಿಮಗ ತಿಳೀತದ."

ತಂಬಿಗೆ ಹಿಡಿದು ಎದ್ದರು.

ಗೂಡಿನಲ್ಲಿ ತಂಬಿಗೆ, ಅದರೆದುರು ಅತ್ತೆ, ಮೇಜಿನಲ್ಲಿ ನಾನು. ಒಂದು ವೇಗ ಬರೆಯುವುದು, ಉಳಿಸುವುದು, ಮತ್ತೆ ಚಾಲೂ ಮಾಡುವುದು. ನಿಮಿಷಕ್ಕೆ ಸಾವಿರದ ಒಂಬೈನೂರು ಸುತ್ತು: "ಸುಮ್ಮ ಅದ." ಎರಡು ಸಾವಿರದ ನೂರು: "ಈಗ ಹಲ್ಲ ಕಡೀಲತ್ತದ." ಎರಡು ಸಾವಿರದ ಮುನ್ನೂರು: ಕಟಕಟಕಟ! ಇಬ್ಬರೂ ಹೊರಗೋಡಿದೆವು. ಇದು ಫ್ಯಾನು ಎಂದು ಗೊತ್ತಿದ್ದೂ ಓಡಿದೆವು, ಅಂಗಳದಲ್ಲಿ ನಿಂತು ಮುಖ ಮುಖ ನೋಡಿದೆವು. ಮೊದಲು ನಕ್ಕವರು ಅವರು.

ಮುಂದೆ ಇನ್ನೂ ಜೋರಾದರೆ ಇನ್ನೂ ಕಷ್ಟ ಎಂದು ನನ್ನ ಎಣಿಕೆ. ಅತ್ತೆ ಒಪ್ಪಲಿಲ್ಲ. "ಇನ್ನೊಂದ ಮೆಟ್ಟಿಲಾ ಏರಸು" ಎಂದರು. ಎರಡು ಸಾವಿರದ ಏಳುನೂರಕ್ಕೆ ಏರಿಸಿದೆ. ಸದ್ದು ಹೆಚ್ಚಿತು, ಮುಚ್ಚಳ ಮಾತ್ರ ಸುಮ್ಮನೆ ಕೂತಿತು!

"ನಾ ಅಂದಿದ್ದಿಲ್ಲ? ಎತ್ತಿನ ಬಂಡಿ ಸಹಿತ ಒಂದ ನಡಿಗ್ಯಾಗ ಇದ್ದಾಗ ಅಷ್ಟ ಗಡಗಡ ಅಂತದ. ಅದಕ್ಕಿಂತ ನಿಧಾನ ಹೋಗು, ಇಲ್ಲಂದ್ರ ಜೋರ ಹೋಗು."

ಅಂದರೆ ಇಡೀ ತಂಟೆ ನಡುವಿನ ಆ ಒಂದು ವೇಗದ್ದು. ಐವತ್ತೈದು ಡಿಗ್ರಿ ಬಿಸಿಯವರೆಗೆ ಸಾವಿರದ ಒಂಬೈನೂರು, ದಾಟಿದರೆ ನೇರ ಎರಡು ಸಾವಿರದ ಏಳುನೂರು ಎಂದು ಬರೆದೆ. ನಡುವೆ ನಿಲ್ಲುವಂತಿಲ್ಲ. ಏರುವಾಗ ಒಂದೇ ಒಂದು ಸಲ ಮುಚ್ಚಳ 'ಟಣ್' ಅನ್ನುತ್ತದೆ.

"ಅದು ಹೊಸ್ತಿಲಾ ದಾಟ್ತದ, ದಾಟಲಿ," ಎಂದರು ಅತ್ತೆ. "ಒಂದ ಸಲ ಅಂದ್ರ ನಿನ್ನ ಡಬ್ಬಿ. ನಿಲ್ಲದ ಬಡಕೊಂಡ್ರ ಭೂಮಿ."

ಬಾಜು ಮಾತ್ರ ಒಳಗೆ ತರಲಿಲ್ಲ. "ನೋಡೂಣ" ಎಂದು ಶೆಡ್ಡಿಗೆ ಹೋದರು.

ಏಪ್ರಿಲ್ 22, ಬುಧವಾರ

ಹಗಲೆಲ್ಲ ಅತ್ತೆ ಅಂಗಡಿಯಲ್ಲೇ ಇರುತ್ತಾರೆ, ಬಾಜು ಹಿತ್ತಲಿನಲ್ಲೇ ಇದೆ. ಗಿರಾಕಿಗಳಿಗೆ ತಾವೇ ಹೇಳುತ್ತಾರೆ: "ಒಂದ ಸಲ ಟಣ್ ಅಂತದ, ಹೆದರಬ್ಯಾಡ್ರಿ." ಡಬ್ಬಿ ಮೂಲೆಯಲ್ಲಿ ತೂಕಡಿಸುವಂತೆ ತಿರುಗುತ್ತದೆ. ಇನ್ನು ಐದು ದಿನ.

ಏಪ್ರಿಲ್ 25, ಶನಿವಾರ

ಮಧ್ಯಾಹ್ನ ಎರಡು ಗಂಟೆ. ಒಂದು ಪತ್ರಿಕೆಯ ಮರಾಠಿ ಭಾಗ ಮುಗಿಸಿ ಕನ್ನಡಕ್ಕೆ ಬಂದಿದ್ದೆ. ಅತ್ತೆ ಬಾಗಿಲ ಬಳಿ ತೊಗರಿಬೇಳೆ ಆರಿಸುತ್ತಿದ್ದರು. ಮುಚ್ಚಳ ಟಣ್ ಅಂದಿತು. ಅದು ಡಬ್ಬಿ ಎಂದುಕೊಂಡೆ. ಮತ್ತೆ ಟಣ್. ಆಮೇಲೆ ಕಟಕಟಕಟ ಎಂದು ನಿಲ್ಲದೆ ಹೊಡೆದುಕೊಳ್ಳತೊಡಗಿತು.

ಬರೆದದ್ದನ್ನೂ ಕಂಪ್ಯೂಟರಿನಲ್ಲಿ ಉಳಿಸಲಿಲ್ಲ. ಕುರ್ಚಿ ಬಿದ್ದು ಕಂಪ್ಯೂಟರಿನ ಪ್ಲಗ್ಗು ಕಿತ್ತುಬಂತು. "ಹೊರಗ ನಡೀರಿ! ನೆಲ ನಡಗ್ಲತ್ತದ!" ಎಂದು ಕಿರುಚಿದೆ. ಅತ್ತೆಯ ರಟ್ಟೆ ಹಿಡಿದು ಎಳೆದೆ. ಬೇಳೆಯೆಲ್ಲ ಹೊಸ್ತಿಲ ತುಂಬ ಚೆಲ್ಲಿತು. ಅಂಗಳದ ನಡುವೆ ಬಂದು, ಅವರ ತಲೆ ನನ್ನ ಎದೆಗೆ ಒತ್ತಿ ಹಿಡಿದು ನಿಂತೆ.

ಸುಮಿತ್ರಾಬಾಯಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವಳ ಮನೆಯ ಹಿಂದೆ ಬೋರ್ ಕೊರೆಯುವ ಗಾಡಿ ಬಂದಿತ್ತು.

"ಬಿಡು ಬೇ, ಉಸಿರು ಕಟ್ತದ," ಎಂದರು ಅತ್ತೆ.

"ಬೋರಿನ ಗಾಡಿ ರೀ ಅತ್ತೀ."

"ನನಗ ಗೊತ್ತಿತ್ತು. ಬೆಳಿಗ್ಗೇನೇ ಬಂದಿತ್ತು ಗಾಡಿ."

"ಮತ್ತ ನೀವ್ಯಾಕ ಓಡಿ ಬಂದ್ರಿ?"

ಅವರು ನನ್ನ ಮುಖ ನೋಡಿದರು. ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದರು. "ನಾ ಹೇಳಿದ್ದು ಕೇಳಿ ಯಾರೂ ಎದ್ದಿದ್ದಿಲ್ಲ ಅವತ್ತ," ಎಂದರು. "ನೀ ಹೇಳಿದಾಗ ನಾ ಏಳಬ್ಯಾಡೇನು?"

ಇಬ್ಬರೂ ಕೂತು ಬೇಳೆ ಆರಿಸಿದೆವು. ಪತ್ರಿಕೆ ಹಾಳಾಗಿತ್ತು, ಮತ್ತೆ ಮೊದಲಿನಿಂದ ಮಾಡಿದೆ. ಸಂಜೆ ಅವರೇ ಬಾಜು ಒಳಗೆ ತಂದುಕೊಂಡರು.

ಏಪ್ರಿಲ್ 27, ಸೋಮವಾರ

ಬಸವ ಜಯಂತಿ. ಹೋಳಿಗೆ ಮಾಡಿದ್ದೆವು. ಮನ್ಮಥಪ್ಪ ತಿಂದು, ಅವ್ವನ ಬಾಜಿನ ಮೇಲೇ ಅಡ್ಡಾಗಿ, ಗೊರಕೆ ಹೊಡೆದರು. ಗಡುವಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಹತ್ತಿಯನ್ನು ಬತ್ತಿ ಮಾಡಿ ದೇವರ ಮುಂದೆ ಹಚ್ಚಿದೆ.

ಮೇ 12, ಮಂಗಳವಾರ, ಆಳಂದ

ತವರಿಗೆ ಬಂದು ಮೂರು ದಿನ. ಅವ್ವ ಮಾವಿನಕಾಯಿ ಉಪ್ಪಿನಕಾಯಿ ಹಾಕುತ್ತಿದ್ದಾಳೆ, ನಾನು ತಿಂದು ಮಲಗುತ್ತಿದ್ದೇನೆ. ಅತ್ತೆ ಬೆಳಿಗ್ಗೆ ಫೋನು ಮಾಡಿದ್ದರು. "ನಿನ್ನ ಡಬ್ಬಿ ಸುಮ್ಮ ಅದ, ಮನಿ ಭಣಭಣ ಅಂತದ. ಲಗೂ ಬಾ" ಎಂದರು. ಮದುಮಕ್ಕಳ ಕಡೆಯವರು ಇಬ್ಬರು ಬಂದಿದ್ದರಂತೆ, ಶುಕ್ರವಾರ ಬರಲು ಹೇಳಿ ಕಳಿಸಿದ್ದಾರಂತೆ.

ಇಲ್ಲಿ ಮಧ್ಯಾಹ್ನದ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ. ಸೆಕೆ ಇರಬೇಕು. ಇವತ್ತು ಅಡುಗೆಮನೆಯಿಂದ ಒಂದು ತಂಬಿಗೆ ತಂದು ಗೂಡಿನಲ್ಲಿಟ್ಟು, ಮೇಲೆ ಮುಚ್ಚಳ ಸೊಟ್ಟಗೆ ಕೂರಿಸಿದೆ. ಅವ್ವ ನೋಡಿ, "ಇದೇನು ಬೇ ಹೊಸಾದು?" ಎಂದಳು. ಏನಿಲ್ಲ, ಸುಮ್ಮನೆ ಎಂದೆ. ಗೋಡೆಗೆ ಒಮ್ಮೆ ಗುದ್ದಿ, ಅದು ಕಟಕಟ ಅಂದದ್ದನ್ನು ಕೇಳಿಸಿಕೊಂಡು ಮಲಗಿದೆ.